ಟಿಲ್ಲರ್ ಎಂಜಿನ್ ಕುದಿಯುತ್ತಿದೆಯೇ? ಬಿಚ್ಚುವ ಮೊದಲು ಇಷ್ಟು ನೋಡಿ

ಹೋದ ಮಳೆಗಾಲದ ಮಾತು. ಕತಗಾಲದ ಸಮೀಪದ ಹಿರಿಯ ರೈತರೊಬ್ಬರು ಬೆಳಗಾಗುವ ಮೊದಲೇ ಫೋನ್ ಮಾಡಿದರು. "ಸಾಹೇಬ್ರೇ, ಟಿಲ್ಲರು ಅರ್ಧ ತಾಸಿಗೇ ಕುದೀತದೆ. ಬೋರು ಹೋಗಿದೆ, ಎಂಜಿನ್ ಬಿಚ್ಚಬೇಕು ಅಂತಾರೆ. ಇತ್ತ ಅಗೆಗೆ ಇಪ್ಪತ್ತೈದು ದಿನ ಆಯ್ತು. ಏನು ಮಾಡೋದು?"

ಎಂಜಿನ್ ಬಿಚ್ಚಿದರೆ ಕೆಲಸ ಒಂದು ವಾರಕ್ಕೆ ಮುಗಿಯುವುದಿಲ್ಲ. ಅಷ್ಟರಲ್ಲಿ ಅಗೆ ಬಲಿತು ಗಂಟು ಕಟ್ಟುತ್ತದೆ, ತೆಂಡೆ ಕಡಿಮೆಯಾಗುತ್ತದೆ. ಹಾಗೆಂದು ಕುದಿಯುವ ಎಂಜಿನ್ನನ್ನೇ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಂತೀತು. "ಯಾವ ನಟ್ಟನ್ನೂ ಬಿಚ್ಚಬೇಡಿ, ನಾನು ಬರುತ್ತೇನೆ" ಎಂದು ಹೇಳಿ ಹೊರಟೆ.

ಬಿಸಿ ಎಲ್ಲಿಂದ ಬರುತ್ತದೆ?

ರುಡಾಲ್ಫ್ ಡೀಸೆಲ್ ಅವರ ಎಂಜಿನ್ 1897ರ ಪರೀಕ್ಷೆಯಲ್ಲಿ ಇಂಧನದ ಶಾಖದ ಕಾಲು ಭಾಗಕ್ಕಿಂತ ತುಸು ಹೆಚ್ಚನ್ನು ಮಾತ್ರ ಕೆಲಸಕ್ಕೆ ತಿರುಗಿಸಿತು. ಇಂದಿನ ಸಣ್ಣ ಎಂಜಿನ್‌ಗಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲಷ್ಟೇ ಹೂಟಿಗೆ ದಕ್ಕುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಹೊಗೆಯ ಜೊತೆ ಹೋದರೆ, ಇನ್ನೊಂದು ಪಾಲನ್ನು ನೀರು ಹೊತ್ತು ಹೊರಹಾಕಬೇಕು. ಈ ಹೊರಹಾಕುವ ದಾರಿ ಎಲ್ಲಿ ಕಟ್ಟಿದರೂ ಎಂಜಿನ್ ಕುದಿಯುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೆಲವು ಹಳೆಯ ಎಂಜಿನ್‌ಗಳ ಮೇಲೆ ತೆರೆದ ನೀರಿನ ತೊಟ್ಟಿ ಇರುತ್ತದೆ. ಅದರಲ್ಲಿ ನೀರು ಕುದಿದು ಆವಿಯಾಗುವುದು ದೋಷವಲ್ಲ. ಅದು ತಂಪಾಗುವುದೇ ಹಾಗೆ. ಒಂದು ಲೀಟರ್ ಡೀಸೆಲ್‌ನ ಶಾಖದ ಕಾಲು ಭಾಗ ನೀರಿಗೆ ಇಳಿದರೂ ಮೂರರಿಂದ ನಾಲ್ಕು ಲೀಟರ್ ನೀರು ಆವಿಯಾಗುವ ಲೆಕ್ಕ. ಆದ್ದರಿಂದ ತೊಟ್ಟಿಗೆ ಆಗಾಗ ನೀರು ತುಂಬುತ್ತಿದ್ದರೆ ಸಾಕು. ಆದರೆ ರೇಡಿಯೇಟರ್ ಇರುವ ಎಂಜಿನ್ ಕುದಿಯಬಾರದು. ಕುದಿದರೆ ಕಾರಣ ಹುಡುಕಲೇಬೇಕು.

ಮೊದಲು ಕೈ ಸುಟ್ಟುಕೊಳ್ಳಬೇಡಿ

ಆವಿ ಕಂಡ ಕೂಡಲೇ ಕ್ಲಚ್ ಬಿಡಿಸಿ ಭಾರ ತಪ್ಪಿಸಿ. ಒಳಗೆ ನೀರಿದೆ ಎಂದು ಖಾತ್ರಿಯಿದ್ದರೆ ನಾಲ್ಕೈದು ನಿಮಿಷ ನಿಧಾನ ವೇಗದಲ್ಲಿ ಓಡಿಸಿ ನಿಲ್ಲಿಸಿ. ನೀರು ಬತ್ತಿದ್ದರೆ ಕೂಡಲೇ ನಿಲ್ಲಿಸಬೇಕು. ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ತೆಗೆಯಲೇಬಾರದು. ಮುಚ್ಚಳದ ಒತ್ತಡದಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಸುಮ್ಮನಿರುತ್ತದೆ. ಒತ್ತಡ ಬಿಟ್ಟೊಡನೆ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಅರ್ಧ ತಾಸಾದರೂ ಕಾಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದೂ ತಪ್ಪು. ಎರಕದ ಹೆಡ್ ಬಿರುಕು ಬಿಟ್ಟರೆ ಅದಕ್ಕೆ ಅಗ್ಗದ ಔಷಧಿ ಇಲ್ಲ.

ಯಾವಾಗ ಕುದಿಯುತ್ತದೆ ಎಂಬುದೇ ಸುಳಿವು

ಹಿರಿಯರನ್ನು ಕೇಳಿದೆ: "ಖಾಲಿ ಓಡಿಸಿದರೂ ಕುದಿಯುತ್ತದೆಯೇ?" "ಇಲ್ಲ, ಗದ್ದೆಗೆ ಇಳಿಸಿ ಕೆಸರು ಮಾಡುವಾಗ ಮಾತ್ರ" ಎಂದರು. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಸುಳಿವುಗಳು ಹೀಗಿವೆ:

ಭಾರದಲ್ಲಿ ಮಾತ್ರ ಕುದಿದರೆ: ರೇಡಿಯೇಟರಿನ ಹೊರಮೈ ಕಟ್ಟಿರಬಹುದು, ಫ್ಯಾನ್ ಬೆಲ್ಟ್ ಸಡಿಲವಾಗಿರಬಹುದು, ಭಾರ ಮೀರಿರಬಹುದು.

ಖಾಲಿ ಓಡಿದರೂ ಬೇಗನೆ ಕುದಿದರೆ: ನೀರು ಕಡಿಮೆಯಾಗಿದೆ ಅಥವಾ ಒಳಗೆ ತಿರುಗುತ್ತಿಲ್ಲ. ಅನೇಕ ಟಿಲ್ಲರ್‌ಗಳಲ್ಲಿ ನೀರಿನ ಪಂಪು ಇರುವುದಿಲ್ಲ. ಕಾದ ನೀರು ತಾನಾಗಿ ಮೇಲೇರಿ, ತಣಿದದ್ದು ಕೆಳಗಿಳಿದು ಸುತ್ತುತ್ತದೆ. ನೀರಿನ ಮಟ್ಟ ಮೇಲಿನ ಪೈಪಿಗಿಂತ ಕೆಳಗಾದರೆ ಈ ಸುತ್ತಾಟವೇ ನಿಲ್ಲುತ್ತದೆ.

ಕಪ್ಪು ಹೊಗೆ ಬಂದರೆ: ಭಾರ ಹೆಚ್ಚಾಗಿದೆ ಅಥವಾ ಏರ್ ಕ್ಲೀನರ್ ಕಟ್ಟಿದೆ.

ಎಲ್ಲೂ ಸೋರದೆ ನೀರು ಇಳಿಯುತ್ತಿದ್ದರೆ, ತಣ್ಣಗಿನ ಎಂಜಿನ್ ಶುರು ಮಾಡಿದಾಗಲೇ ರೇಡಿಯೇಟರ್ ಬಾಯಿಯಲ್ಲಿ ಗುಳ್ಳೆ ಎದ್ದರೆ, ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತಾದರೆ: ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವೇ ಹೆಚ್ಚು. ಇದೊಂದನ್ನು ಮಾತ್ರ ಮೆಕ್ಯಾನಿಕ್‌ಗೆ ಬಿಡಿ. ಆಯಿಲ್ ಬಣ್ಣ ಕೆಟ್ಟಿದ್ದರೆ ಮತ್ತೆ ಓಡಿಸಲೇಬೇಡಿ.

ಹಿರಿಯರ ಟಿಲ್ಲರಿನಲ್ಲಿ ಆಯಿಲ್ ಸ್ವಚ್ಛವಾಗಿತ್ತು, ಗುಳ್ಳೆಯೂ ಇರಲಿಲ್ಲ. ಆದರೆ ರೇಡಿಯೇಟರಿನ ಆಚೆ ಟಾರ್ಚ್ ಹಿಡಿದರೆ ಈಚೆ ಬೆಳಕು ಕಾಣಲಿಲ್ಲ! ಕೊಯ್ಲಿನ ಕಾಲದಲ್ಲಿ ಅದೇ ಟಿಲ್ಲರಿಗೆ ಬೆಲ್ಟ್ ಹಾಕಿ ಭತ್ತ ತೂರಿದ್ದರು. ಹೊಟ್ಟು ರೇಡಿಯೇಟರಿನ ರೆಕ್ಕೆಗಳ ನಡುವೆ ತುಂಬಿತ್ತು. ಅದರ ಮೇಲೆ ಗದ್ದೆಯ ಕೆಸರು ಹಾರಿ ಒಣಗಿ ಗೋಡೆಗೆ ಗಿಲಾವು ಮಾಡಿದಂತಾಗಿತ್ತು. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದೂವರೆ ಇಂಚು ಬಾಗಿತು. ಸುಮಾರು ಅರ್ಧ ಇಂಚು ಬಾಗಿದರೆ ಸರಿ. ನಿಖರ ಅಳತೆ ನಿಮ್ಮ ಯಂತ್ರದ ಕೈಪಿಡಿಯಲ್ಲಿರುತ್ತದೆ.

ಎಂಜಿನ್ ಕಡೆಯಿಂದ ಹೊರಕ್ಕೆ, ಪೈಪಿನ ಸಣ್ಣ ಧಾರೆಯಲ್ಲಿ ತೊಳೆದೆವು. ಜೋರು ಧಾರೆ ಹಿಡಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ, ಎದುರಿನಿಂದ ಹಿಡಿದರೆ ಹೊಟ್ಟು ಇನ್ನೂ ಒಳಗೆ ಸೇರುತ್ತದೆ. ಎಣ್ಣೆ ಹಿಡಿದಿದ್ದ ಬೆಲ್ಟ್ ಬದಲಿಸಿ ಬಿಗಿ ಮಾಡಿದೆವು. ಮಧ್ಯಾಹ್ನ ಗದ್ದೆಗಿಳಿದ ಟಿಲ್ಲರ್ ಸಂಜೆಯವರೆಗೂ ಕುದಿಯಲಿಲ್ಲ. ಖರ್ಚಾದದ್ದು ಒಂದು ಬೆಲ್ಟಿನ ಹಣ ಮಾತ್ರ.

ಯಾವ ನೀರು ಹಾಕಬೇಕು?

ಅಘನಾಶಿನಿಯ ದಡದಲ್ಲಿರುವ ನಮಗೆ ನೀರಿನ ಕೊರತೆ ಕಾಣದು. ಆದರೆ ಕೆಳಗೆ ಮಿರ್ಜಾನ, ಮಾಣಿಕಟ್ಟಾ ಕಡೆ ಉಬ್ಬರದಲ್ಲಿ ಹೊಳೆಗೆ ಉಪ್ಪುನೀರು ಏರುತ್ತದೆ. ಗಜನಿ ಗದ್ದೆಗೆ ಟಿಲ್ಲರ್ ಬಾಡಿಗೆಗೆ ಕೊಂಡೊಯ್ಯುವವರು ಸಿಹಿನೀರಿನ ಕ್ಯಾನ್ ಜೊತೆಗಿಟ್ಟುಕೊಳ್ಳತಕ್ಕದ್ದು. ಉಪ್ಪುನೀರು ಲೋಹವನ್ನು ತಿನ್ನುತ್ತದೆ. ತುಕ್ಕಿನ ಪುಡಿ ನಳಿಗೆಗಳಲ್ಲಿ ಕೂರುತ್ತದೆ. ಕೆಸರು ನೀರೂ ಬೇಡ. ತಯಾರಕರು ಹೇಳಿದ ಕೂಲೆಂಟನ್ನು ಹೇಳಿದ ಪ್ರಮಾಣದಲ್ಲಿ ಹಾಕುವುದು ಉತ್ತಮ. ಸೋಡಾ ಹಾಕಿ ಒಳಗೆ ತೊಳೆಯುವ ಹಳೆಯ ಪದ್ಧತಿ ಅಲ್ಯುಮಿನಿಯಂ ರೇಡಿಯೇಟರಿಗೆ ಒಗ್ಗುವುದಿಲ್ಲ.

ಘಟ್ಟ ಹತ್ತುವವರಿಗೆ

ಕತಗಾಲದಿಂದ ದೇವಿಮನೆ ಘಟ್ಟದ ಮೇಲೆ ತೆಂಗಿನಕಾಯಿ, ಮೀನು ಹೇರಿಕೊಂಡು ಟೆಂಪೊ ಹೊಡೆಯುವವರಿಗೂ ಇದೇ ಮಾತು ಸಲ್ಲುತ್ತದೆ. ದೊಡ್ಡ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುವ ಮೊದಲೇ ಗೇರ್ ಇಳಿಸಿ. ಎಂಜಿನ್ ಚುರುಕಾಗಿ ತಿರುಗಿದರೆ ನೀರಿನ ಪಂಪೂ ಚುರುಕಾಗಿ ತಿರುಗುತ್ತದೆ. ಮುಳ್ಳು ಕೆಂಪಿನತ್ತ ಹೋದರೆ ಎ.ಸಿ. ನಿಲ್ಲಿಸಿ, ಹೀಟರ್ ಇದ್ದರೆ ಪೂರ್ತಿ ತೆರೆಯಿರಿ; ಸ್ವಲ್ಪ ಬಿಸಿ ಆ ದಾರಿಯಲ್ಲಿ ಹೊರಹೋಗುತ್ತದೆ. ಆದರೂ ಇಳಿಯದಿದ್ದರೆ ಅಗಲವಾದ ಜಾಗ ನೋಡಿ ನಿಲ್ಲಿಸುವುದೇ ಜಾಣತನ.

ಮೇ ತಿಂಗಳ ಕೊನೆಗೆ, ಮಳೆ ಹಿಡಿಯುವ ಮೊದಲು, ಒಂದು ತಾಸು ಬಿಡುವು ಮಾಡಿಕೊಳ್ಳಿ: ರೆಕ್ಕೆ ತೊಳೆಯಿರಿ, ಬೆಲ್ಟ್ ಒತ್ತಿ ನೋಡಿ, ರಬ್ಬರ್ ಪೈಪು ಹಿಸುಕಿ ನೋಡಿ, ಏರ್ ಕ್ಲೀನರ್ ಸ್ವಚ್ಛ ಮಾಡಿ, ಆಯಿಲ್ ಮಟ್ಟ ಅಳೆಯಿರಿ. ಆ ಹಿರಿಯರು ಈಗ ಕೊಟ್ಟಿಗೆಯ ಕಂಬಕ್ಕೆ ಒಂದು ಟಾರ್ಚ್ ತೂಗುಹಾಕಿದ್ದಾರೆ. ಗದ್ದೆಗೆ ಹೊರಡುವ ಮೊದಲು ರೇಡಿಯೇಟರಿನ ಆಚೆ ಹಿಡಿದು, ಈಚೆ ಬೆಳಕು ಕಂಡ ಮೇಲೆಯೇ ಹ್ಯಾಂಡಲ್ ತಿರುಗಿಸುತ್ತಾರೆ.