ಐದನೆಯ ತಾರೀಖಿನ ಮದುವೆಗಳು

ಚಿತ್ರದುರ್ಗದ ಮುರುಘರಾಜೇಂದ್ರ ಬೃಹನ್ಮಠದಲ್ಲಿ 1990ರ ದಶಕದ ಮೊದಲ ವರ್ಷಗಳಿಂದ ಪ್ರತಿ ತಿಂಗಳು 5ನೆಯ ತಾರೀಖು ನಡೆದುಬಂದಿರುವ ಸಾಮೂಹಿಕ ಕಲ್ಯಾಣ ಮಹೋತ್ಸವವು, ಅಂದರೆ ಹಲವು ಜೋಡಿಗಳಿಗೆ ಒಂದೇ ವೇದಿಕೆಯಲ್ಲಿ ನೆರವೇರಿಸುವ ಮದುವೆಯು, ಬಡ ಕುಟುಂಬಗಳಿಗೆ ಒದಗುವ ನೆರವೆಂದೇ ಹೆಚ್ಚಾಗಿ ಪರಿಚಿತವಾಗಿದ್ದರೂ, ಮದುವೆಯ ವ್ಯವಸ್ಥೆಯಲ್ಲಿ ಅದು ತಂದಿರುವ ದೊಡ್ಡ ಬದಲಾವಣೆ ಇರುವುದು ಅದರ ತಾರೀಖಿನಲ್ಲಿ.

ತಿಥಿ, ವಾರ, ನಕ್ಷತ್ರ, ಲಗ್ನಗಳು ಕೂಡಿಬಂದವೆಂದು ಪಂಚಾಂಗ ನೋಡಿ ಗೊತ್ತುಮಾಡುವ ಶುಭ ಸಮಯವೇ ಮುಹೂರ್ತ. ವರ್ಷದ ಮದುವೆಗಳೆಲ್ಲ ಇಂಥ ಕೆಲವೇ ದಿನಗಳಲ್ಲಿ ಕಿಕ್ಕಿರಿಯುವುದರಿಂದ ಆ ದಿನಗಳಲ್ಲಿ ಕಲ್ಯಾಣ ಮಂಟಪದ ಬಾಡಿಗೆ, ಅಡುಗೆಯವರ ಕೂಲಿ, ಶಾಮಿಯಾನ, ವಾಲಗ, ಬಸ್ಸು ಎಲ್ಲವೂ ತುಟ್ಟಿಯಾಗುತ್ತವೆ. ಆಷಾಢವೋ ಧನುರ್ಮಾಸವೋ ಬಂತೆಂದರೆ ಅವೇ ಮಂಟಪಗಳಿಗೆ ಬೀಗ ಬೀಳುತ್ತದೆ, ದುಡಿಯುವ ಕೈಗಳು ಖಾಲಿಯಾಗುತ್ತವೆ. ಈ ಏರಿಳಿತ ರೈತನ ಹೊಲವನ್ನೂ ತಟ್ಟುತ್ತದೆ. ಹೊಳಲ್ಕೆರೆಯ ಅಡಿಕೆಯನ್ನೂ ಹೊಸದುರ್ಗದ ಕೊಬ್ಬರಿಯನ್ನೂ ಧಾರಣೆ ಬರುವವರೆಗೆ ಕೂಡಿಡಬಹುದು. ಆದರೆ ಹಿರಿಯೂರು ಮತ್ತು ಚಿತ್ರದುರ್ಗ ತಾಲ್ಲೂಕುಗಳ ಸೇವಂತಿಗೆ ಬೆಳೆಗಾರನಿಗೆ ಆ ಸೌಕರ್ಯವಿಲ್ಲ, ಮದುವೆಗಳಿಲ್ಲದೆ ಬೇಡಿಕೆ ಕುಸಿದ ದಿನಗಳಲ್ಲೂ ಬಿಡಿಸಿದ ಹೂವು ಆದಷ್ಟು ಬೇಗ ಮಾರಾಟವಾಗಲೇಬೇಕು. ಸಾಲ ಮಾಡಿ ಮದುವೆ ಮಾಡುವ ತಂದೆಯ ಹೊರೆಯಲ್ಲಿ ಒಂದು ಪಾಲು ಪಂಚಾಂಗವೇ ಹೊರಿಸಿದ್ದು ಎಂದರೆ ತಪ್ಪಾಗಲಾರದು.

ತಿಂಗಳ ಐದನೆಯ ದಿನವೆಂದು ಒಮ್ಮೆ ನಿಗದಿಯಾದ ಮೇಲೆ ಇದಾವುದೂ ಲೆಕ್ಕಕ್ಕೆ ಬರುವುದಿಲ್ಲ. ಸುಮಾರು ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಶುಭಕಾರ್ಯ ಕೂಡದೆಂಬ ನಂಬಿಕೆ ಎಷ್ಟೇ ಬಲವಾಗಿದ್ದರೂ ಜನವರಿ 5 ಪ್ರತಿ ವರ್ಷವೂ ಅದರೊಳಗೇ ಬರುತ್ತದೆ. ಹಗಲನ್ನು ಎಂಟು ಪಾಲು ಮಾಡಿ ಅದರಲ್ಲೊಂದನ್ನು ಅಶುಭವೆಂದು ಎಣಿಸುವ ರಾಹುಕಾಲವೂ ಇಲ್ಲಿ ಅಡ್ಡಿಯಲ್ಲ. ಬಸವಾದಿ ಶರಣರ ವಿಚಾರಗಳ ನೆಲೆಯಲ್ಲಿ ನಡೆಯುವ ಈ ಮದುವೆಗಳಲ್ಲಿ ಬೇರೆ ಬೇರೆ ಜಾತಿಯ ವಧೂವರರು ಒಂದೇ ಸಾಲಿನಲ್ಲಿ ಕೂರುತ್ತಾರೆ. ಅಂತರ್ಜಾತಿ ಜೋಡಿಗಳಿಗೂ ಅದೇ ವೇದಿಕೆ, ಅದೇ ಗೌರವ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮತ್ತು ಮಧುವರಸರ ಮಕ್ಕಳ ಅಂತರ್ಜಾತಿ ಮದುವೆಗಾಗಿ ಶರಣರು ತೆತ್ತ ಬೆಲೆಯನ್ನು ಬಲ್ಲವರಿಗೆ ಈ ಸಾಲಿನ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ.

ನಾಡಿಗೆ ಇಂಥ ಪ್ರಯತ್ನ ಹೊಸದಲ್ಲ. ಅದ್ದೂರಿಯನ್ನೂ ಪುರೋಹಿತರನ್ನೂ ಬಿಟ್ಟು ವಧೂವರರಿಗೆ ವಿವಾಹ ಸಂಹಿತೆಯನ್ನು ಬೋಧಿಸುವ ಮಂತ್ರಮಾಂಗಲ್ಯವನ್ನು ರೂಪಿಸಿದ ಕುವೆಂಪು, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯಲ್ಲೇ ಅದನ್ನು ಆಚರಣೆಗೆ ತಂದರು. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಸಾಮೂಹಿಕ ವಿವಾಹವನ್ನು ಆರಂಭಿಸಿದರು. ಮುಜರಾಯಿ ದೇವಾಲಯಗಳ ‘ಸಪ್ತಪದಿ’ ಯೋಜನೆಯಲ್ಲಿ ವರನಿಗೆ 5,000 ರೂಪಾಯಿ, ವಧುವಿಗೆ 10,000 ರೂಪಾಯಿ ಹಾಗೂ 8 ಗ್ರಾಂ ಚಿನ್ನ ಗೊತ್ತಾಗಿದ್ದವು. ವರ್ಷಕ್ಕೊಮ್ಮೆ ಅಥವಾ ಆಯ್ದ ಶುಭದಿನಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳ ನಡುವೆ, ಪ್ರತಿ ತಿಂಗಳೂ ತಪ್ಪದ ತಾರೀಖನ್ನು ಇಟ್ಟುಕೊಂಡದ್ದು ದುರ್ಗದ ವೈಶಿಷ್ಟ್ಯ.

ಇನ್ನೊಂದು ಬಗೆಯ ಆಧುನಿಕತೆಯನ್ನು ಉದ್ಯಮಿಗಳು ತಂದರು. ಭಾರತ್ ಮ್ಯಾಟ್ರಿಮೊನಿ ಸ್ಥಾಪಿಸಿದ ಮುರುಗವೇಲ್ ಜಾನಕಿರಾಮನ್ ಅವರ ಸಂಸ್ಥೆ, ಮದುವೆ ದಲ್ಲಾಳಿಯ ಚೀಲದಲ್ಲಿದ್ದ ಜಾತಕ, ಫೋಟೊಗಳನ್ನು ಅಂತರ್ಜಾಲಕ್ಕೆ ತಂದು ಕನ್ನಡಿಗರಿಗಾಗಿಯೇ ಒಂದು ತಾಣ ತೆರೆಯಿತು. ಮುಂದೆ ಮಂಟಪ ಕಾಯ್ದಿರಿಸುವ ಸೇವೆಯನ್ನೂ ಸೇರಿಸಿತು. ಹುಡುಕಾಟ ಇದರಿಂದ ಸುಲಭವಾಯಿತು, ಹೆಣ್ಣುಮಕ್ಕಳೇ ತಮ್ಮ ವಿವರ ಬರೆದು ಆರಿಸುವಂತಾಯಿತು. ಅದು ಸಣ್ಣ ಲಾಭವಲ್ಲ. ಆದರೆ ಜಾತಿವಾರು ತಾಣಗಳೂ ಜೊತೆಗೇ ಹುಟ್ಟಿಕೊಂಡವು, ಮುಹೂರ್ತದ ನೂಕುನುಗ್ಗಲು ಇದ್ದಂತೆಯೇ ಉಳಿಯಿತು. ಮಠದ ವೇದಿಕೆ ಕೈಹಾಕಿದ್ದು ಈ ಎರಡಕ್ಕೇ ಆದ್ದರಿಂದ, ಮದುವೆಯ ಸುಧಾರಣೆಯಲ್ಲಿ ಅದರದೇ ಮುಂದಿನ ಹೆಜ್ಜೆ.

ಸಾಮೂಹಿಕ ಮದುವೆಗೆ ಹೆಸರು ಕೊಡುವವರು ವಧುವಿಗೆ 18, ವರನಿಗೆ 21 ವರ್ಷ ತುಂಬಿರುವುದಕ್ಕೆ ದಾಖಲೆ ಒದಗಿಸಬೇಕು. ಯಾವ ವಿಧಿಯಲ್ಲಿ ಮದುವೆ ನಡೆದರೂ 1976ರ ಕರ್ನಾಟಕ ವಿವಾಹ ನೋಂದಣಿ ಕಾಯ್ದೆಯ ಪ್ರಕಾರ ಅದನ್ನು ನೋಂದಾಯಿಸಿ ಪ್ರಮಾಣಪತ್ರ ಪಡೆಯುವುದನ್ನು ಮರೆಯಬಾರದು.