ಯಾವ ಮೊಬೈಲ್ ತರೋಣ?



ನವಲಗುಂದದ ಕಡೆ ಹೆಸರುಕಾಳು ಮಾರಿದ ರೊಕ್ಕ ಬರುತ್ತದೆ. ಕುಂದಗೋಳದ ಕಡೆ ಮೆಣಸಿನಕಾಯಿ ಮಾರಿದ ರೊಕ್ಕ ಬರುತ್ತದೆ. ಆಗ ಮನೆಯಲ್ಲಿ ಮಾತು ಏಳುತ್ತದೆ: ಒಂದು ಮೊಬೈಲ್ ತರಬೇಕು.

ಅಂಗಡಿಯಲ್ಲಿ ಎರಡು ತರಹ ಇವೆ. ಒಂದು ಬಟನ್ ಮೊಬೈಲ್. ಇನ್ನೊಂದು ಟಚ್ ಮೊಬೈಲ್. "ದೊಡ್ಡದ ತಗೋರಿ ಅಕ್ಕಾರ, ಅದರಾಗ ಎಲ್ಲಾ ಐತಿ" ಅಂತಾನೆ ಅಂಗಡಿಯವ. ಎಲ್ಲಾ ಐತಿ, ಖರೇ. ಆದರೆ ಅದರಲ್ಲಿ ನಮಗೆ ಬೇಕಾದದ್ದು ಎಷ್ಟು? ಲೆಕ್ಕ ಹಾಕೋಣ.

ಬಟನ್ ಮೊಬೈಲ್

ಇದರಲ್ಲಿ ಮಾತಾಡಬಹುದು. ಮೆಸೇಜ್ ಓದಬಹುದು. ಬೆಲೆ ಕಡಿಮೆ. ಒಮ್ಮೆ ಚಾರ್ಜ್ ಮಾಡಿದರೆ ಎರಡು ಮೂರು ದಿನ ನಡೆಯುತ್ತದೆ.

ಬೆಳೆಗೆ ರೋಗ ಬಿತ್ತೇ? 1800-180-1551ಕ್ಕೆ ಫೋನ್ ಮಾಡಿ. ಇದು ಕಿಸಾನ್ ಕಾಲ್ ಸೆಂಟರ್. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ. ಇದಕ್ಕೆ ರೊಕ್ಕ ಬೇಡ.

ಬಟನ್ ಮೊಬೈಲ್‌ನಿಂದ ರೊಕ್ಕವನ್ನೂ ಕಳಿಸಬಹುದು. ಇದಕ್ಕಾಗಿ ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 8ರಂದು 'ಯುಪಿಐ 123ಪೇ' ಎಂಬ ಏರ್ಪಾಟು ಶುರು ಮಾಡಿತು. ಇದಕ್ಕೆ ಇಂಟರ್‌ನೆಟ್ ಬೇಡ. ಬ್ಯಾಂಕಿನವರನ್ನು ಕೇಳಿ ಕಲಿಯಿರಿ.

ಟಚ್ ಮೊಬೈಲ್

ಇದರಲ್ಲಿ ಫೋಟೋ ಇದೆ, ವಾಟ್ಸ್‌ಆ್ಯಪ್ ಇದೆ. ದೂರದ ಊರಲ್ಲಿರುವ ಮಗಳ ಮುಖ ನೋಡುತ್ತ ಮಾತಾಡಬಹುದು. ಬೆಳೆ ಸಮೀಕ್ಷೆ ಆ್ಯಪ್ ಕೂಡ ಇದರಲ್ಲೇ ನಡೆಯುವುದು. ತಮ್ಮ ಹೊಲದ ಬೆಳೆಯ ಫೋಟೋವನ್ನು ರೈತರೇ ತೆಗೆದು ಕಳಿಸುವ ಅವಕಾಶ 2020ರಲ್ಲಿ ಬಂತು.

ಆದರೆ ಬೆಲೆ ಹೆಚ್ಚು. ದಿನಾ ಚಾರ್ಜ್ ಮಾಡಬೇಕು. ನೆಟ್‌ಗೆ ಮತ್ತೆ ಮತ್ತೆ ರೊಕ್ಕ ಹಾಕಬೇಕು. ಇ-ಮೇಲ್ ವಿಳಾಸವೂ ಬೇಕಾಗುತ್ತದೆ. ಇ-ಮೇಲ್ ಅಂದರೆ ಫೋನಿನಲ್ಲೇ ಬರುವ ಟಪಾಲು. ಅದಕ್ಕೆ ಪಾಸ್‌ವರ್ಡ್ ಎಂಬ ಗುಟ್ಟಿನ ಮಾತು ಇರುತ್ತದೆ. ಅದು ಮನೆಯ ಕೀಲಿ ಇದ್ದಂತೆ. ಅಂಗಡಿಯವನೇ ಅದನ್ನು ಹಾಕಿಕೊಟ್ಟರೆ ಕೀಲಿ ಅವನಿಗೂ ಗೊತ್ತಾಯಿತು. ನಾವೇ ಹಾಕೋಣ. ಯಾರಿಗೂ ಹೇಳುವುದು ಬೇಡ.

ಕೊಳ್ಳುವ ಮುಂಚೆ ಕೇಳಿ

1. ಮಾತು, ಮೆಸೇಜ್ ಇಷ್ಟೇ ಸಾಕೇ? ಸಾಕಾದರೆ ಬಟನ್ ಮೊಬೈಲ್ ತನ್ನಿ.
2. ನೆಟ್‌ನ ಖರ್ಚು ಪ್ರತಿ ತಿಂಗಳು ತಡೆಯುತ್ತದೆಯೇ?
3. ನಮ್ಮ ಸಿಮ್ ಇದರಲ್ಲಿ ನಡೆಯುತ್ತದೆಯೇ? ಜಿಯೋ ಸಿಮ್ ಹಳೆಯ 2ಜಿ ಬಟನ್ ಮೊಬೈಲ್‌ನಲ್ಲಿ ನಡೆಯುವುದಿಲ್ಲ.
4. ಕನ್ನಡ ಅಕ್ಷರ ಕಾಣುತ್ತದೆಯೇ? ಒಂದು ಕನ್ನಡ ಮೆಸೇಜ್ ತೆಗೆದು ತೋರಿಸಲು ಹೇಳಿ. ಓದಿ ನೋಡಿ.

ನಂಬರ್ ನಮ್ಮದೇ ಇರಲಿ

ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್ 30ರಂದು ಶುರುವಾಯಿತು. ತಿಂಗಳಿಗೆ 2000 ರೂಪಾಯಿ, ಅದೂ ಮನೆಯ ಯಜಮಾನಿಯ ಖಾತೆಗೆ. ರೊಕ್ಕ ಜಮಾ ಆದರೆ ಬ್ಯಾಂಕಿನಿಂದ ಮೆಸೇಜ್ ಬರುತ್ತದೆ. ಯಾರಿಗೆ ಬರುತ್ತದೆ? ಬ್ಯಾಂಕಿನಲ್ಲಿ ಯಾರ ನಂಬರ್ ಬರೆಸಿದ್ದೇವೋ ಅವರಿಗೆ. ಬೇರೆಯವರ ನಂಬರ್ ಬರೆಸಿದ್ದರೆ ನಮ್ಮ ರೊಕ್ಕದ ಸುದ್ದಿ ಅವರಿಗೆ ಮೊದಲು ಗೊತ್ತಾಗುತ್ತದೆ. ರೊಕ್ಕ ತೆಗೆದರೂ ನಮಗೆ ತಿಳಿಯುವುದಿಲ್ಲ.

ಆದ್ದರಿಂದ ಮೊಬೈಲ್ ಯಾವುದೇ ಇರಲಿ, ನಂಬರ್ ನಮ್ಮದೇ ಇರಲಿ. ಅದನ್ನೇ ಬ್ಯಾಂಕಿನಲ್ಲಿ ಬರೆಸೋಣ. ಓಟಿಪಿ ಎಂಬ ಅಂಕಿ ಬಂದರೆ ಫೋನಿನಲ್ಲಿ ಯಾರು ಕೇಳಿದರೂ ಹೇಳಬಾರದು. ಮೋಸ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಅಕ್ಷರ ಕಲಿತಿದ್ದೇವೆ. ನಮ್ಮ ಮೆಸೇಜ್ ನಾವೇ ಓದೋಣ.

ಯೋಚಿಸಿ, ಬರೆಯಿರಿ

ನಿಮ್ಮ ಮೊಬೈಲ್ ನಂಬರ್ ಯಾವುದು?
ಬ್ಯಾಂಕಿನಲ್ಲಿ ಯಾರ ನಂಬರ್ ಬರೆಸಿದ್ದೀರಿ?