ಹಳೇ ಸೈಕಲ್ಲಿಗೆ ಹಳೇ ಸಾಮಾನು

ನಿಮ್ಮ ಮನೆಯಲ್ಲಿ ಹಳೇ ಸೈಕಲ್ ಇದೆಯೇ? 2006ರಿಂದ ಹಲವು ವರ್ಷ ನಮ್ಮ ಸರ್ಕಾರ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತು. ಮಗಳು ಓದಿದಳು, ಮದುವೆಯಾಗಿ ಹೋದಳು. ಸೈಕಲ್ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿದೆ. ಅದನ್ನು ಗುಜರಿಗೆ ಹಾಕಬೇಡಿ ಅಕ್ಕಾ. ಬೇರೆ ಸೈಕಲ್ಲಿನ ಹಳೇ ಸಾಮಾನು ಹಾಕಿ ಓಡಿಸಬಹುದು. ಆದರೆ ಯಾವುದಕ್ಕೆ ಯಾವುದು ಕೂಡುತ್ತದೆ ಅಂತ ಗೊತ್ತಿರಬೇಕು.

ಪೆಡಲ್ ತುಳಿದರೆ ಬರೀ ತಿರುಗುತ್ತದೆ, ಸೈಕಲ್ ಮುಂದೆ ಹೋಗೋದಿಲ್ಲ. ಯಾಕೆ? ಹಿಂದಿನ ಚಕ್ರದ ನಡುವೆ ಹಲ್ಲಿರುವ ಬಿಲ್ಲೆ ಇದೆಯಲ್ಲ, ಅದು ಫ್ರೀವೀಲ್. ಅದರೊಳಗೆ ಪುಟ್ಟ ನಾಲಿಗೆಗಳಿವೆ. ಟಿಕ್ ಟಿಕ್ ಅನ್ನೋದು ಅವೇ. ಹಳೇ ಎಣ್ಣೆ ಅಂಟಾದರೆ ನಾಲಿಗೆ ಮೇಲೇಳೋದಿಲ್ಲ. ಸೈಕಲ್ ಮಲಗಿಸಿ. ಫ್ರೀವೀಲಿನ ಸಂದಿಗೆ ಸೀಮೆಎಣ್ಣೆ ಬಿಟ್ಟು ತಿರುಗಿಸಿ. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್. ಒಲೆಯಿಂದ ದೂರ ಇರಲಿ. ಕೊಳೆ ಇಳಿದ ಮೇಲೆ ಮೆಷಿನ್ ಎಣ್ಣೆ ಎರಡು ಹನಿ ಬಿಡಿ. ಅಡುಗೆ ಎಣ್ಣೆ ಬೇಡವೇ ಬೇಡ, ಅದು ಮತ್ತೆ ಅಂಟಾಗುತ್ತದೆ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಖರ್ಚೇ ಇಲ್ಲ.

ಆಗಲಿಲ್ಲವೇ? ಗುಜರಿಯಲ್ಲಿ ಹಳೇ ಫ್ರೀವೀಲ್ ಹುಡುಕಿ. ಗೇರ್ ಇಲ್ಲದ ದೊಡ್ಡ ಸೈಕಲ್ಲುಗಳಲ್ಲಿ ಕಂಪನಿ ಬೇರೆಯಾದರೂ ಸಾಮಾನ್ಯವಾಗಿ ತಿರುಪಿನ ಅಳತೆ ಒಂದೇ. ಹಲ್ಲು ನೋಡಿ ತಗೊಳ್ಳಿ. ಕುಡುಗೋಲಿನ ತುದಿಯ ಹಾಗೆ ಬಾಗಿದ್ದರೆ ಬೇಡ. ಬಿಚ್ಚಿ ಹಾಕೋದು ಶಾಪಿನವರ ಕೆಲಸ, ಅದಕ್ಕೆ ಬೇರೆ ಪಾನಾ ಬೇಕು.

ಚೈನನ್ನು ನೀವೇ ಅಳೆಯಬಹುದು. ಮಕ್ಕಳ 12 ಅಂಗುಲದ ಸ್ಕೇಲು ತನ್ನಿ. ಸೊನ್ನೆಯನ್ನು ಒಂದು ಪಿನ್ನಿನ ನಡುವೆ ಇಡಿ. 12ರ ಗೆರೆ ಸರಿಯಾಗಿ ಇನ್ನೊಂದು ಪಿನ್ನಿನ ನಡುವೆ ಬರಬೇಕು. ಆ ಪಿನ್ನು ಗೆರೆ ದಾಟಿ ಒಂದು ನೂಲು, ಅಂದರೆ ಅಂಗುಲದ ಎಂಟನೇ ಒಂದು ಭಾಗ, ಆಚೆ ಹೋಗಿದ್ದರೆ ಚೈನು ಸವೆದಿದೆ. ಸವೆದ ಫ್ರೀವೀಲಿಗೆ ಹೊಸ ಚೈನು ಹಾಕಬೇಡಿ. ನಾನು ಹಾಕಿದ್ದೆ. ಏರು ಹತ್ತುವಾಗ ಚೈನು ಜಾರಿತು, ಮಂಡಿ ತರಚಿತು. ಗೇರ್ ಸೈಕಲ್ಲಿನ ಚೈನೂ ಬೇಡ. ಅದು ಕಿರಿದು, ನಮ್ಮ ದಪ್ಪ ಹಲ್ಲಿನ ಮೇಲೆ ಕೂರೋದಿಲ್ಲ.

ಗೇರ್ ಇಲ್ಲದ ಸೈಕಲ್ಲನ್ನೂ ಹಗುರ ಮಾಡಬಹುದು. ಹಲ್ಲು ಎಣಿಸಿ. ಮೊದಲ ಹಲ್ಲಿಗೆ ಸುಣ್ಣದ ಗುರುತು ಹಾಕಿಕೊಂಡರೆ ತಪ್ಪೋದಿಲ್ಲ. ಮುಂದೆ 44, ಹಿಂದೆ 18 ಇದೆ ಅಂತಿಟ್ಟುಕೊಳ್ಳಿ. ಪೆಡಲ್ ಒಂದು ಸುತ್ತು ಬಂದರೆ ಚಕ್ರ ಸುಮಾರು ಎರಡೂವರೆ ಸುತ್ತು ಬರುತ್ತದೆ. ಹಿಂದೆ 22 ಹಲ್ಲಿನದು ಹಾಕಿದರೆ ಎರಡೇ ಸುತ್ತು. ಓಟ ಕಡಿಮೆ, ಆದರೆ ಕ್ಯಾರಿಯರಿನಲ್ಲಿ ಹಿಟ್ಟಿನ ಮೂಟೆ ಇದ್ದರೂ ಏರು ಹತ್ತಬಹುದು. ನಮ್ಮಂಥವರಿಗೆ ಇದೇ ವಾಸಿ. ಹಲ್ಲು ಹೆಚ್ಚಾದಾಗ ಚೈನು ಸಾಲದೆ ಬರಬಹುದು. ಹಿಂದಿನ ಚಕ್ರವನ್ನು ಸ್ವಲ್ಪ ಮುಂದಕ್ಕೆ ಸರಿಸಿ. ಆಗಲೂ ಸಾಲದಿದ್ದರೆ ಒಂದು ಅಂಗುಲ ಚೈನು ಸೇರಿಸಿ.

ಚೈನ್ ಲಾಕ್ ಹಾಕುವಾಗ ಒಂದು ನೋಡಿ. ಲಾಕಿನ ಸೀಳಿದ ಬಾಯಿ ಚೈನು ಓಡುವ ಕಡೆಗೆ ಇರಬಾರದು, ಹಿಂದಕ್ಕೆ ಇರಬೇಕು. ತಿರುಗಿಸಿ ಹಾಕಿದರೆ ದಾರಿಯಲ್ಲಿ ಎಲ್ಲಾದರೂ ತಗಲಿ ಬಿಚ್ಚಿಕೊಳ್ಳುತ್ತದೆ.